ಮೆಟ್ಟಿಲು ಹತ್ತದಿರುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿದೀಪಗಳು ಉರಿಯುತ್ತಲೇ ಇವೆ. ಬಾಗಿಲು ಮುಚ್ಚಿದ ಔಷಧಿ ಅಂಗಡಿಯ ಕಟ್ಟೆಗೆ ಒರಗಿಕೊಂಡು ಒಬ್ಬ ಹೆಂಗಸು ನಿಂತಿದ್ದಾರೆ. ಹೆಗಲಿಗೊಂದು ಬಟ್ಟೆಯ ಚೀಲ, ಕಾಲಿಗೆ ಗಂಡನ ಹಳೆಯ ಕ್ಯಾನ್ವಾಸ್ ಬೂಟು. ಕತ್ತು ಮೇಲಕ್ಕೆ. ರಸ್ತೆಯ ಆಚೆಗಿರುವ ಇಸ್ತ್ರಿ ಅಂಗಡಿಯ ಮಹಡಿಯಲ್ಲಿ ಎರಡು ಕಿಟಕಿಗಳಿವೆ. ಎಡಗಡೆಯದು ಅಡುಗೆಮನೆಯದು. ಅವರ ಕಣ್ಣೆಲ್ಲ ಅದರ ಮೇಲೆ. ಹಾಲಿನ ಗಾಡಿಯವನು ಕ್ರೇಟು ಇಳಿಸುತ್ತ, ದಿನವೂ ಕೇಳುವುದನ್ನೇ ಇವತ್ತೂ ಕೇಳುತ್ತಾನೆ.

"ಏನಮ್ಮಾ, ಇನ್ನೂ ಎದ್ದಿಲ್ವಾ ನಿಮ್ಮೋರು?"

"ಎದ್ರೋ ಇಲ್ವೋ ಅಂತಾನೇ ನೋಡ್ತಾ ಇರೋದು."

"ಮೇಲೆ ಹೋಗಿ ಎರಡು ಸಲ ಬಾಗಿಲು ಬಡೀರಿ. ಸತ್ತೋರೂ ಎದ್ದು ಕೂರ್ತಾರೆ."

"ಬಡೀದೇ ಇರೋದೇ ನನ್ನ ಕೆಲಸ ಕಣಪ್ಪಾ."

ಗಾಡಿಯವನು ಅವರನ್ನು ಒಮ್ಮೆ, ಕಿಟಕಿಯನ್ನು ಒಮ್ಮೆ ನೋಡಿ, ತಲೆ ಕೊಡವಿ ಹೊರಟುಹೋಗುತ್ತಾನೆ. ಅವನ ತಪ್ಪಲ್ಲ. ತಮ್ಮ ಕೆಲಸ ಏನೆಂದು ಯಾರಾದರೂ ಕೇಳಿದರೆ ಈ ಹೆಂಗಸಿಗೇ ನಾಲ್ಕು ಮಾತು ನೆಟ್ಟಗೆ ಹೊರಡುವುದಿಲ್ಲ. ಕಚೇರಿಯವರು ಕೊಟ್ಟ ಗುರುತಿನ ಚೀಟಿಯಲ್ಲಿ 'ಸ್ವಾವಲಂಬನಾ ಸಹಾಯಕಿ' ಎಂದಿದೆ. "ಸ್ವಾವಲಂಬನೆ ಅಂದಮೇಲೆ ಸಹಾಯಕಿ ಯಾಕೆ ಅಂತ ಚೀಟಿ ಕೊಟ್ಟ ದಿನಾನೇ ಕೇಳ್ದೆ. ಅವರೂ ಯೋಚನೆ ಮಾಡಿ ಹೇಳ್ತೀವಿ ಅಂದ್ರು. ಎಂಟು ವರ್ಷ ಆಯ್ತು, ಇನ್ನೂ ಯೋಚನೆ ಮಾಡ್ತಾ ಇದಾರೆ" ಎನ್ನುತ್ತಾರೆ. ಮಕ್ಕಳು ಮಾತ್ರ ಈ ಕಷ್ಟವನ್ನು ತಾವೇ ಬಗೆಹರಿಸಿಕೊಂಡಿದ್ದಾರೆ. ಅವರ ಬಾಯಲ್ಲಿ ಇವರು ಅತ್ತೆ. "ಅಮ್ಮ ಅಂದ್ರೆ ನಂಗೆ ಭಯ. ಮೇಡಂ ಅಂದ್ರೆ ಅವರಿಗೆ ಭಯ. ನಡುವೆ ಎಲ್ಲೋ ಅತ್ತೆ ಅಂತ ಸಿಕ್ತು."

ಹೆತ್ತವರಿಲ್ಲದೆಯೋ, ಇದ್ದೂ ಇಲ್ಲದಂತಾಗಿಯೋ ಬೇರೆಯವರ ಮನೆಗಳಲ್ಲಿ ಸಾಕುಮಕ್ಕಳಾಗಿ ಬೆಳೆದವರು ಹದಿನೆಂಟು ತುಂಬಿದ ಕೂಡಲೇ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು. ಅದಕ್ಕೆ ಮುಂಚೆ ಕೆಲವು ತಿಂಗಳು ಅತ್ತೆಯ ಹತ್ತಿರ ಪಾಠ. ಆಮೇಲೆ ಇಸ್ತ್ರಿ ಅಂಗಡಿಯ ಮೇಲಿನ ಈ ಪುಟ್ಟ ಮನೆಯಲ್ಲಿ ಮೂರು ವಾರ ಒಬ್ಬರೇ ಇದ್ದು ತೋರಿಸಬೇಕು. ಎಲ್ಲರೂ ಇದನ್ನು ರೂಢಿಮನೆ ಎನ್ನುತ್ತಾರೆ. ಆ ಮೂರು ವಾರ ಯಾರೂ ಮೇಲೆ ಹೋಗುವಂತಿಲ್ಲ. ಮಕ್ಕಳು ಫೋನ್ ಮಾಡಿ ಕರೆದರೆ ಮಾತ್ರ ಹೋಗಬಹುದು. ಬೆಳಗ್ಗೆ ಬಂದು ಎದುರುಗಡೆ ನಿಲ್ಲಬೇಕೆಂಬ ನಿಯಮವೂ ಇಲ್ಲ. ಅದು ಅತ್ತೆ ತಾವಾಗಿ ಹಚ್ಚಿಕೊಂಡದ್ದು. ಅಡುಗೆಮನೆಯ ದೀಪ ಹತ್ತಿತೆಂದರೆ ಒಳಗಿರುವವರು ಎದ್ದರು, ಒಲೆ ಹಚ್ಚಿದರು, ಹೊಟ್ಟೆಗೆ ಏನೋ ಬೀಳುತ್ತದೆ ಎಂದು ಲೆಕ್ಕ. ಆಗ ಇವರು ಬಸ್ ಹಿಡಿದು ಕಚೇರಿಗೆ ಹೋಗುತ್ತಾರೆ.

ಇವತ್ತು ದೀಪ ಹತ್ತಿಲ್ಲ. ನಿನ್ನೆಯೂ ಹತ್ತಿರಲಿಲ್ಲ, ಮೊನ್ನೆಯೂ. ಎರಡು ದಿನವೂ ಬಸ್ಸಿನ ಹೊತ್ತಾಯಿತೆಂದು ಅತ್ತೆ ಹೊರಟುಹೋಗಿದ್ದರು.

ಈಗ ಒಳಗಿರುವವಳು ರೇಡಿಯೊ. ಬಾಯಿಗೆ ಬಿಡುವೇ ಇಲ್ಲದ ಹುಡುಗಿಯಾದ್ದರಿಂದ ಆ ಹೆಸರು. ಮುಂದಿನ ತಿಂಗಳು ಹದಿನೆಂಟು ತುಂಬುತ್ತದೆ. ಪಾರ್ಸೆಲ್ ವಿಂಗಡಿಸುವ ಗೋದಾಮಿನಲ್ಲಿ ಅವಳಿಗೆ ಬೆಳಗಿನ ಪಾಳಿಯ ಕೆಲಸ ಸಿಕ್ಕಿದೆ. ಗೋದಾಮಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಬಾಡಿಗೆ ಕೋಣೆಯನ್ನೂ ನೋಡಿಟ್ಟಿದ್ದಾರೆ. ರೂಢಿಮನೆಯಿಂದ 'ಸಿದ್ಧ' ಎನಿಸಿಕೊಂಡು ಹೊರಬಂದರೆ ಕೋಣೆ ಅವಳದು. ಇಲ್ಲವಾದರೆ ಊರಿನ ಆ ತುದಿಯಲ್ಲಿರುವ ದೊಡ್ಡ ಹಾಸ್ಟೆಲಿಗೆ ಹೋಗಬೇಕು. ಅಲ್ಲಿಂದ ಬೆಳಗಿನ ಪಾಳಿಗೆ ಬರಲು ಬಸ್ಸೇ ಇಲ್ಲ. ಕೋಣೆಯ ಜೊತೆಗೆ ಕೆಲಸವೂ ಹೋಗುತ್ತದೆ. ಬರುವ ಸೋಮವಾರ ಕಚೇರಿಯಲ್ಲಿ ಸಭೆ. ಸಿದ್ಧಳೋ ಅಲ್ಲವೋ ಎಂದು ಅತ್ತೆ ಅಲ್ಲಿ ಒಂದು ಮಾತು ಹೇಳಬೇಕು.

ಇಸ್ತ್ರಿ ಅಂಗಡಿಯವನು ಶಟರ್ ಎತ್ತುವವರೆಗೆ ಅತ್ತೆ ಅಲ್ಲೇ ನಿಂತಿರುತ್ತಾರೆ. ಅಷ್ಟರಲ್ಲಿ ಮಹಡಿಯ ಮೆಟ್ಟಿಲುಗಳ ಹತ್ತಿರ ಎರಡು ಸಲ ಹೋಗಿ, ಎರಡು ಸಲವೂ ತಿರುಗಿ ಬಂದಿದ್ದಾಗಿದೆ.

"ಹುಡುಗಿ ಕೆಲಸಕ್ಕೆ ಹೋಗ್ತಿದಾಳೇನಪ್ಪಾ?"

"ನಿನ್ನೆ, ಮೊನ್ನೆ ಹೋಗೋದು ನೋಡ್ದೆ. ಇವತ್ತು ವಾರದ ರಜೆ ಇರ್ಬೇಕು. ಆದ್ರೆ ಒಂದು ವಿಷಯ ಅಮ್ಮಾ, ಮೊನ್ನೆಯಿಂದ ನನ್ನ ಕಿವಿಗೂ ರಜೆ. ದಿನಾ ನಿಂತ್ಕೊಂಡು ತಲೆ ತಿಂತಿದ್ದೋಳು, ಈಗ ನೆಲ ನೋಡ್ಕೊಂಡು ಹೋಗ್ತಾಳೆ."

ರೇಡಿಯೊ ಮಾತಾಡುತ್ತಿಲ್ಲ ಎಂದರೆ ಏನೋ ಆಗಿದೆ. ಮೇಲೆ ಹೋದರೆ ನಿಯಮ ಮುರಿದಂತೆ. ಹೋಗದಿದ್ದರೆ ಏನು ಮುರಿದಂತೆ ಎಂಬುದು ಅವರಿಗೆ ಗೊತ್ತಿಲ್ಲ. ಎಂಟು ವರ್ಷಗಳಲ್ಲಿ ಕರೆಯದೆ ಮೇಲೆ ಹೋದವರಲ್ಲ. ಕಾಲು ತಾನಾಗಿ ಮೆಟ್ಟಿಲು ಹತ್ತುತ್ತದೆ. ಅರ್ಧ ದಾರಿಯಲ್ಲಿ ನಿಂತು, ವಾಪಸ್ ಹೋಗಲೇ ಎಂದು ಇನ್ನೊಮ್ಮೆ ಯೋಚಿಸಿ, ಕೊನೆಗೆ ಬಾಗಿಲು ತಟ್ಟುತ್ತಾರೆ.

"ಯಾರು?"

"ನಾನು ಕಣೇ. ಅತ್ತೆ."

ಬಾಗಿಲ ಹಿಂದಿನಿಂದ, ಅಳುವಿಗೆ ಹತ್ತಿರದ ದನಿಯಲ್ಲಿ, "ನಾನು ಫೋನ್ ಮಾಡಿಲ್ವಲ್ಲ ಅತ್ತೆ!"

ಬಾಗಿಲು ತೆರೆದದ್ದು ಎಡಗೈ. ಬಲಗೈಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿದೆ. ಬಟ್ಟೆಯ ಅಂಚಿನಲ್ಲಿ ಒಣಗಿದ ಟೂತ್‌ಪೇಸ್ಟ್ ಕಾಣುತ್ತದೆ. ಕುದಿಯುವ ನೀರಿನ ಪಾತ್ರೆ ಜಾರಿದ್ದು ಸೋಮವಾರ ಸಂಜೆ. ಅವತ್ತಿನಿಂದ ಅವಳು ಒಲೆಯ ಕಡೆಗೇ ಹೋಗಿಲ್ಲ. ಕತ್ತಲಲ್ಲೇ ಬ್ರೆಡ್ಡು ತಿಂದು, ಸುಟ್ಟ ಕೈಯ ಮೇಲೆ ಗೋದಾಮಿನ ಕೈಗವಸು ಎಳೆದುಕೊಂಡು, ಪಾರ್ಸೆಲ್ಲುಗಳನ್ನು ಎಡಗೈಯಲ್ಲಿ ಎತ್ತಿ ಹಾಕಿ ಬಂದಿದ್ದಾಳೆ. ಅಲ್ಲಿ ಯಾರೂ ಗಮನಿಸಿಲ್ಲ.

"ವಾಸಿ ಆಗ್ತಾ ಇದೆ ಅತ್ತೆ. ಹೇಳ್ಬೇಡಿ."

"ಏನು ಹೇಳ್ಬಾರದು?"

"ನಾನು ಫೇಲ್ ಅಂತ."

"ಫೋನ್ ಮಾಡಿದ್ರೆ ಫೇಲು ಅಂತ ಯಾರೇ ನಿಂಗೆ ಹೇಳಿದ್ದು?"

ಹುಡುಗಿ ಅತ್ತೆಯ ಮುಖವನ್ನೇ ನೋಡುತ್ತಾಳೆ, ಇದೆಂಥ ಪ್ರಶ್ನೆ ಎಂಬಂತೆ. "ಎಲ್ರಿಗೂ ಗೊತ್ತಲ್ಲ ಅತ್ತೆ."

ಆಸ್ಪತ್ರೆಯಲ್ಲಿ ಗುಳ್ಳೆಗಳನ್ನು ನೋಡಿದ ವೈದ್ಯೆ ಹುಡುಗಿಯನ್ನು ಬಿಟ್ಟು ಅತ್ತೆಯ ಮೇಲೆ ರೇಗುತ್ತಾರೆ. "ಮೂರು ದಿನ ಸುಮ್ನಿದ್ರಾ? ಎಂಥ ತಾಯೀರಿ ನೀವು?" ತಾಯಿಯಲ್ಲ ಎಂದರೆ ಜಾರಿಕೊಂಡಂತೆ. ಹೌದೆಂದರೆ ಸುಳ್ಳು. "ತಪ್ಪಾಯ್ತು ಡಾಕ್ಟ್ರೇ" ಎಂದು ಬೈಸಿಕೊಂಡು ಬರುತ್ತಾರೆ. ಹೊರಗೆ ಬಂದ ಮೇಲೆ ರೇಡಿಯೊಗೆ ಮೂರು ದಿನಗಳ ಮಾತೆಲ್ಲ ಒಟ್ಟಿಗೆ ಬಂದುಬಿಡುತ್ತದೆ. "ಅತ್ತೆ, ಆ ಡಾಕ್ಟ್ರ ಮೂಗು ನೋಡಿದ್ರಾ? ಅತ್ತೆ, ನನ್ನ ದೆಸೆಯಿಂದ ನಿಮಗೆ ಬೈಗುಳ ಬಿತ್ತು. ಅತ್ತೆ, ನೀವು ತಿಂಡಿ ತಿಂದ್ರಾ?" ಬಸ್ಸಿನಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈ ಕೆಲಸಕ್ಕೆ ಅತ್ತೆ ಬಂದದ್ದು ಇದನ್ನು ಮಾಡುತ್ತೇನೆ ಎಂದುಕೊಂಡಲ್ಲ. ಅದಕ್ಕೂ ಮುಂಚೆ ಒಂದು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆ ಹೊದಿಕೆ ಒಗೆಸಿ, ಮಡಿಸಿ, ವಾರ್ಡುಗಳಿಗೆ ಕಳಿಸುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅಲ್ಲಿಂದ ಬಿಟ್ಟರು. ರೂಢಿಮನೆಗೆ ಸೇರಿದ್ದು ಗುಡಿಸಿ ಒರೆಸುವುದಕ್ಕೆ. ಒಂದು ದಿನ, ಮೂರು ವಾರಕ್ಕೆಂದು ಆಗಷ್ಟೇ ಬಂದಿಳಿದ ಹುಡುಗನೊಬ್ಬ ಫ್ರಿಜ್ ಮುಂದೆ ಕೈಕಟ್ಟಿ ನಿಂತಿದ್ದ. ಏನಪ್ಪಾ ಎಂದರೆ, "ತೆಗೀಲಾ?" ಎಂದು ಇವರನ್ನೇ ಕೇಳಿದ. ಫ್ರಿಜ್ ಅವನದು, ಒಳಗಿರುವುದೂ ಅವನದು, ಆದರೂ ಯಾರಾದರೂ ಹೂಂ ಎನ್ನುವ ತನಕ ಅವನ ಕೈ ಮುಂದೆ ಹೋಗಲೊಲ್ಲದು. ಅತ್ತೆ ಕಸಪೊರಕೆ ಪಕ್ಕಕ್ಕಿಟ್ಟು ಅವನ ಜೊತೆ ಕೂತರು. ಅವತ್ತು ಕೂತವರು ಇನ್ನೂ ಎದ್ದಿಲ್ಲ ಎಂದು ಅವರ ಗಂಡ ತಮಾಷೆ ಮಾಡುತ್ತಾರೆ.

ಇಂಥ ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಹೊರಗಿನವರು ಊಹಿಸುವುದು ಕಷ್ಟ. ದೊಡ್ಡ ಮನೆಯಲ್ಲಿ ಬೆಳೆದವಳಿಗೆ ಹನ್ನೆರಡು ಜನಕ್ಕೆ ಅನ್ನ ಮಾಡಲು ಬರುತ್ತದೆ, ಒಬ್ಬಳಿಗೆ ಮಾಡಲು ಬರುವುದಿಲ್ಲ. ಒಬ್ಬ ಹುಡುಗ ಮೂರೂ ವಾರ ತನ್ನ ಬಟ್ಟೆಗಳನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬೀರು ಖಾಲಿ ಇತ್ತು. ಇನ್ನೊಬ್ಬನಿಗೆ ಕೈಯಲ್ಲಿ ಬೀಗದ ಕೈ ಹಿಡಿದದ್ದೇ ಅದು ಮೊದಲು. ಇಡೀ ಮಧ್ಯಾಹ್ನ ಬೀಗ ಹಾಕುವುದು, ತೆಗೆಯುವುದು, ಹಾಕುವುದು. ಕೆಳಗಡೆ ಇಸ್ತ್ರಿಯವನು ಕಳ್ಳ ಬಂದನೆಂದು ಕೋಲು ಹಿಡಿದು ಓಡಿದ್ದ.

ಭಾನುವಾರದ ಪಾಠಗಳಿಗೆ ಅತ್ತೆಯ ಗಂಡನೂ ಬರುತ್ತಾರೆ. ನಿವೃತ್ತ ಬಸ್ ಚಾಲಕ. ಅವರದು ಬಾಡಿಗೆ ಮನೆಯ ಮಾಲೀಕನ ಪಾತ್ರ. ಕುರ್ಚಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತು, ಅದೆಲ್ಲಿಂದಲೋ ಗತ್ತು ತಂದುಕೊಳ್ಳುತ್ತಾರೆ. ರೇಡಿಯೊ ಸರದಿ ಬಂದಾಗ ಹುಬ್ಬೇರಿಸಿ ಕೇಳಿದ್ದರು. "ಒಬ್ಬಳೇನಾ? ಮನೆಯವರೆಲ್ಲಿ?"

"ಮನೆಯವರು ಇದ್ದಿದ್ರೆ ನಿಮ್ಮ ಮನೆ ಯಾಕೆ ಬೇಕಿತ್ತು ಅಂಕಲ್?"

ಮಾಲೀಕರ ಗತ್ತು ಅಲ್ಲಿಗೇ ಇಳಿದುಹೋಯಿತು. "ಇವಳಿಗೆ ಪಾಠ ಬೇಡ, ಇವಳೇ ನಮಗೆ ಹೇಳ್ಲಿ" ಎಂದು ನಕ್ಕುಬಿಟ್ಟರು. ಅವತ್ತಿನಿಂದ ಅತ್ತೆಗೆ ರೇಡಿಯೊ ಬಗ್ಗೆ ಚಿಂತೆ ಕಡಿಮೆಯಾಯಿತು. ಇಷ್ಟು ಬಾಯಿರುವವಳು ಎಲ್ಲಾದರೂ ಬದುಕುತ್ತಾಳೆ ಎಂದುಕೊಂಡರು. ಅದೇ ಬಾಯಿ ಕೈ ಸುಟ್ಟಾಗ ಏಕೆ ತೆರೆಯಲಿಲ್ಲ ಎಂಬುದು ಈಗ ಅವರ ತಲೆಯೊಳಗೆ ಹುಳದಂತೆ ಕೊರೆಯುತ್ತಿದೆ.

'ಎಲ್ಲರಿಗೂ ಗೊತ್ತು' ಎಂದರೆ ಯಾರಿಗೆ ಗೊತ್ತು? ಕೇಳಲು ಅತ್ತೆ ಹೋಗುವುದು ತಮ್ಮ ಹಳೆಯ ಹುಡುಗನೊಬ್ಬನ ಹತ್ತಿರ. ಅವನೀಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಣ್ಣೆಗೈ ಒರೆಸಿಕೊಳ್ಳುತ್ತ ಬರುವ ಅವನಿಗೆ ಅತ್ತೆಯನ್ನು ಕಂಡರೆ ಎಲ್ಲಿಲ್ಲದ ಖುಷಿ.

"ಗೊತ್ತಿಲ್ದೇ ಏನತ್ತೆ! ನಮ್ಮ ಕಾಲದಿಂದಲೂ ಇದೆ. ಅತ್ತೆಗೆ ಫೋನ್ ಮಾಡಿದ್ರೆ ಔಟ್. ನಾನು ಒಂದ್ಸಲಾನೂ ಮಾಡಿಲ್ಲ. ರೆಕಾರ್ಡು!"

"ಯಾಕೋ, ನಿಂಗೇನೂ ಬೇಕಾಗ್ಲೇ ಇಲ್ವಾ?"

"ಬೇಕಾಗದೇ ಏನು? ಗ್ಯಾಸ್ ಒಲೆ ಹತ್ತುತಾನೇ ಇರ್ಲಿಲ್ಲ. ಪೂರ್ತಿ ಎರಡು ವಾರ ಬ್ರೆಡ್ಡು, ಬಾಳೆಹಣ್ಣು. ಬಾಯಿಬಿಟ್ನಾ? ಇಲ್ಲ!"

ಅವನು ಹೆಮ್ಮೆಯಿಂದ ಎದೆ ಉಬ್ಬಿಸುತ್ತಾನೆ. ಅತ್ತೆ ಅಲ್ಲೇ ಇದ್ದ ಟೈರಿನ ಮೇಲೆ ಕೂರುತ್ತಾರೆ. ಆ ಮೂರು ವಾರ ಒಂದೂ ಫೋನ್ ಬಾರದ್ದನ್ನು ಕಂಡು, ಎಷ್ಟು ಚೆನ್ನಾಗಿ ನಿಭಾಯಿಸಿದ ಎಂದು ಕಚೇರಿಯಲ್ಲಿ ಹೊಗಳಿದವರು ಇವರೇ. ಏನೂ ಕೇಳದ ಮಕ್ಕಳನ್ನು ಇವರು ಹೊಗಳಿದ್ದಾರೆ. ಮಕ್ಕಳು ಅದನ್ನು ಕೇಳಿಸಿಕೊಂಡಿದ್ದಾರೆ. ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದಾರೆ. 'ಮೊದಲು ನೀವೇ ಪ್ರಯತ್ನ ಮಾಡಿ, ಆಗದಿದ್ರೆ ನನಗೆ ಫೋನ್ ಮಾಡಿ' ಎಂದು ಅತ್ತೆ ಹೇಳಿದ್ದರಲ್ಲಿ ಅವರಿಗೆ ಮೊದಲರ್ಧ ಮಾತ್ರ ತಲುಪಿದೆ.

ತಲುಪದೇ ಇರುವುದಕ್ಕೂ ಕಾರಣವಿದೆ. ಅದನ್ನು ಹೇಳಿದ್ದು ರೇಡಿಯೊ, ಕೈಗೆ ಮುಲಾಮು ಹಚ್ಚಿಸಿಕೊಳ್ಳುತ್ತ, ಯಾರದೋ ಕಥೆ ಹೇಳುವಂತೆ. ಅವಳು ಬೆಳೆದದ್ದು ನಾಲ್ಕು ಮನೆಗಳಲ್ಲಿ. ಮೊದಲನೆಯ ಮನೆಯಲ್ಲಿ ಕಿವಿನೋವು ಅಂತ ಅತ್ತಳು. ಎರಡನೆಯದರಲ್ಲಿ ಶಾಲೆಯಲ್ಲಿ ಹೊಡೆಯುತ್ತಾರೆ ಅಂತ ದೂರು ಹೇಳಿದಳು. "ಹೇಳಿದ ಮೇಲೆ ಏನಾಗುತ್ತೆ ಅಂದ್ರೆ ಅತ್ತೆ, ದೊಡ್ಡೋರು ಬಾಗಿಲು ಹಾಕ್ಕೊಂಡು ಮಾತಾಡ್ತಾರೆ. ಆಮೇಲೆ ನಮ್ಮ ಚೀಲ ಪ್ಯಾಕ್ ಮಾಡ್ತಾರೆ. ಅದಕ್ಕೇ ನಾನು ಬೇರೇದೆಲ್ಲಾ ಮಾತಾಡ್ತೀನಿ."

ಶನಿವಾರ, ಭಾನುವಾರ ಅತ್ತೆಗೆ ಸಭೆಯದೇ ಯೋಚನೆ. ಸಿದ್ಧಳು ಎಂದರೆ, ಇನ್ನೊಮ್ಮೆ ಏನಾದರೂ ಆದಾಗ ಆ ಕೋಣೆಯಲ್ಲಿ ಬಾಯಿಮುಚ್ಚಿಕೊಂಡು ಬಿದ್ದಿರುತ್ತಾಳೆ. ಸಿದ್ಧಳಲ್ಲ ಎಂದರೆ, ಗೊತ್ತಾಗಿದ್ದಕ್ಕೇ ಕೋಣೆ ಹೋಯಿತು ಎಂದುಕೊಳ್ಳುತ್ತಾಳೆ. ಅವಳು ಹೆದರಿದ್ದೇ ನಿಜವಾದಂತೆ. ಕಾಯಿಸಿ ಎನ್ನೋಣವೆಂದರೆ ಕೋಣೆಯ ಮಾಲೀಕರು ಬರುವ ವಾರದೊಳಗೆ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದಾರೆ.

"ನೀವೇನಂತೀರಿ?" ಎಂದು ಗಂಡನನ್ನು ಕೇಳುತ್ತಾರೆ.

"ನಾನು ಬಸ್ ಓಡಿಸಿದೋನು. ಹತ್ತಿಸ್ಕೊಳ್ಳೋದು, ಇಳಿಸೋದು ಗೊತ್ತು. ಇಳಿದೋರು ಎಲ್ಲಿಗೆ ಹೋದ್ರು ಅಂತ ನೋಡಿದೋನಲ್ಲ."

"ಇದು ಉತ್ತರಾನಾ?"

"ಅಲ್ಲ. ಉತ್ತರ ನನಗೂ ಗೊತ್ತಿಲ್ಲ ಅಂತ ಅಷ್ಟೇ."

ಸೋಮವಾರದ ಸಭೆ ನಡೆಸುವ ಮೇಲ್ವಿಚಾರಕರು ಅತ್ತೆಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು. ಕೆಟ್ಟವರಲ್ಲ. ಅವರಿಗೆ ಹಿಂದೆಯೇ ಇನ್ನೊಂದು ಸಭೆ ಇದೆ. "ಒಂದು ಮಾತಲ್ಲಿ ಹೇಳಿ ಅಮ್ಮಾ, ಹುಡುಗಿ ಸಿದ್ಧಳಾ, ಇಲ್ವಾ?" ರೇಡಿಯೊ ಬ್ಯಾಂಡೇಜಿನ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತಿದ್ದಾಳೆ.

ಅತ್ತೆ ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. "ಒಂದು ಮಾತಲ್ಲಿ ನಂಗೆ ಬರಲ್ಲ ಸಾರ್. ಕೈ ಸುಟ್ಟುಕೊಂಡಿದ್ದು ಅವಳು. ಅವಳ ಬಾಯಿಗೆ ಬೀಗ ಹಾಕಿದ್ದು ನಾನು, ನನಗೇ ಗೊತ್ತಿಲ್ದಂಗೆ. ಕರೆಯದೆ ಮೇಲೂ ಹೋಗಿಬಿಟ್ಟೆ. ಈಗ ಯಾರನ್ನ ಫೇಲ್ ಮಾಡ್ಲಿ, ನೀವೇ ಹೇಳಿ."

ಮೇಲ್ವಿಚಾರಕರು ಪೆನ್ನು ಕೆಳಗಿಡುತ್ತಾರೆ. ಹುಡುಗಿಯ ಕಡೆ ತಿರುಗುತ್ತಾರೆ. "ಇನ್ನೊಂದ್ಸಲ ಹೀಗಾದ್ರೆ ಏನ್ಮಾಡ್ತೀಯ?"

ರೇಡಿಯೊ ಅತ್ತೆಯ ಮುಖ ನೋಡುತ್ತಾಳೆ. ಅತ್ತೆಯ ನಾಲಿಗೆಯ ತುದಿಯಲ್ಲಿ ಉತ್ತರವಿದೆ. ಅತ್ತೆಗೆ ಫೋನ್ ಮಾಡ್ತೀನಿ ಅನ್ನು, ಅಷ್ಟಂದರೆ ಸಾಕು ಎಂದು ಕಣ್ಣಲ್ಲೇ ಹೇಳಿಬಿಡಬಹುದು. ಹೇಳಿಕೊಟ್ಟ ಉತ್ತರವಾದರೆ ಅದಕ್ಕೇನು ಬೆಲೆ ಎಂದೂ ಅನ್ನಿಸುತ್ತದೆ. ಅವರು ಗೋಡೆಯ ಗಡಿಯಾರ ನೋಡುತ್ತ ಕೂರುತ್ತಾರೆ.

"ಇಸ್ತ್ರಿ ಅಂಕಲ್‌ಗೆ ಹೇಳ್ತೀನಿ" ಎನ್ನುತ್ತಾಳೆ ರೇಡಿಯೊ. "ಅವರ ಕೈ ತುಂಬಾ ಸುಟ್ಟ ಕಲೆ. ಅವರಿಗೆ ಗೊತ್ತಿರುತ್ತೆ. ಅತ್ತೆ ಬರೋಕೆ ಎರಡು ಬಸ್ ಬೇಕು, ಅಷ್ಟೊತ್ತಿಗೆ ಕೈ ಬೆಂದೇ ಹೋಗಿರುತ್ತೆ. ಮೊದಲು ಅಂಕಲ್‌ಗೆ. ಆಮೇಲೆ ಅತ್ತೆಗೆ."

"ಹೊಸ ಕೋಣೆ ಹತ್ರ ಇಸ್ತ್ರಿ ಅಂಕಲ್ ಇಲ್ವಲ್ಲ?"

ಹುಡುಗಿ ತಬ್ಬಿಬ್ಬಾಗುತ್ತಾಳೆ. ಅದನ್ನು ಅವಳು ಯೋಚಿಸಿಲ್ಲ. "ಯಾರಾದ್ರೂ ಇರ್ತಾರೆ ಅಲ್ವಾ ಸಾರ್?" ಎಂದು ಅವರನ್ನೇ ತಿರುಗಿ ಕೇಳುತ್ತಾಳೆ. "ಎಲ್ಲಾ ಕಡೆ ಯಾರಾದ್ರೂ ಇರಲ್ವಾ?"

ಮೇಲ್ವಿಚಾರಕರು ಕೋಣೆಯ ಮಾಲೀಕರ ನಂಬರ್ ಹುಡುಕುತ್ತ ಹೊರಗೆ ಹೋಗುತ್ತಾರೆ. ಅದು ಒಪ್ಪಿಗೆ ಎಂದು ಅತ್ತೆಗೆ ಅರ್ಥವಾಗುವಷ್ಟರಲ್ಲಿ ರೇಡಿಯೊ ಅವರ ಕತ್ತಿಗೆ ಜೋತುಬಿದ್ದಿರುತ್ತಾಳೆ.

ಈಗ ರೂಢಿಮನೆಯಲ್ಲಿ ಹೊಸ ಪಾಠವೊಂದು ಸೇರಿದೆ. ಒಳಗೆ ಹೋದವರು ಮೊದಲ ವಾರದಲ್ಲಿ ಒಮ್ಮೆಯಾದರೂ ಅತ್ತೆಗೆ ಫೋನ್ ಮಾಡಿ, ತಮಗೆ ಬರುವ ಕೆಲಸಕ್ಕೇ ಸಹಾಯ ಕೇಳಬೇಕು. ಅಡುಗೆಗಿಂತ, ಬಸ್ಸಿಗಿಂತ, ಮಾಲೀಕನ ಗತ್ತಿಗಿಂತ ಮಕ್ಕಳಿಗೆ ಕಷ್ಟವಾಗಿರುವುದು ಇದೇ. ಒಬ್ಬ ಹುಡುಗ "ಅತ್ತೆ, ಫೋನ್ ಮಾಡಿದೀನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಇನ್ನೊಬ್ಬಳು ಮೊದಲ ವಾಕ್ಯದಲ್ಲೇ ಮೂರು ಸಲ ಕ್ಷಮೆ ಕೇಳಿದಳು. ಇದು ಸ್ವಾವಲಂಬನೆ ಹೇಗಾಗುತ್ತದೆ ಎಂದು ಕಚೇರಿಯಲ್ಲಿ ಕೆಲವರು ಕೇಳುತ್ತಿದ್ದಾರೆ. "ನಂಗೂ ಅದೇ ಪ್ರಶ್ನೆ" ಎನ್ನುತ್ತಾರೆ ಅತ್ತೆ. "ಕರೀದೇ ಇರೋದನ್ನ ಕಲಿಸಿ ಒಂದು ತಪ್ಪು ಮಾಡ್ದೆ. ಕರೆಯೋದನ್ನ ಕಲಿಸಿ ಇನ್ನೊಂದು ಮಾಡ್ತಿದೀನೋ ಏನೋ. ಕೂಸಿಗೆ ನಡಿಗೆ ಕಲಿಸುವಾಗ ಕೈ ಯಾವಾಗ ಬಿಡ್ಬೇಕು ಅಂತ ಗೊತ್ತಾಗುತ್ತೆ. ಇಷ್ಟು ದೊಡ್ಡೋರಿಗೆ ಯಾವಾಗ ಬಿಡೋದು? ಹಿಡ್ಕೊಂಡಿದ್ದೇ ಯಾವಾಗ ಅಂತ ಅವರಿಗೆ ನೆನಪಿಲ್ಲ."

ರೇಡಿಯೊ ಕೋಣೆಗೆ ಹೋಗಿ ಎರಡು ತಿಂಗಳಾಗುತ್ತ ಬಂದಿದೆ. ಒಂದು ಶನಿವಾರ ಸಂಜೆ, ಅತ್ತೆ ಕಾಲು ನೀಡಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುವಾಗ ಅವಳ ಫೋನ್ ಬರುತ್ತದೆ.

"ಅತ್ತೆ, ಒಂದು ಎಡವಟ್ಟಾಗಿದೆ."

"ಏನಾಯ್ತೇ? ಕೈ ಚೆನ್ನಾಗಿದ್ಯಾ?"

"ಕೈ ಚೆನ್ನಾಗಿದೆ. ಪಕ್ಕದ ಮನೆ ಅಜ್ಜಿ ಬಂದು ಸ್ಟೂಲ್ ಕೇಳಿದ್ರು. ಪರದೆ ಕಟ್ಟಬೇಕಂತೆ. ಕೊಟ್ಟೆ."

"ಒಳ್ಳೇದಾಯ್ತು."

"ಏನ್ ಒಳ್ಳೇದು? ನನ್ ಹತ್ರ ಇರೋದೇ ಒಂದು ಸ್ಟೂಲು. ಮಧ್ಯಾಹ್ನ ಕೊಟ್ಟಿದ್ದು. ಆಗಿಂದ ನಿಂತೇ ಇದೀನಿ. ವಾಪಸ್ ಕೇಳ್ಬೇಕಾ? ಕೇಳಿದ್ರೆ ಬೇಜಾರಾಗ್ತಾರಾ? ಇದನ್ನ ನೀವು ಹೇಳಿಕೊಟ್ಟೇ ಇಲ್ಲ!"

ಹೇಳಿಕೊಟ್ಟಿಲ್ಲ, ನಿಜ. ಈ ಮಕ್ಕಳ ಹತ್ತಿರ ಬೇರೆಯವರು ಏನನ್ನಾದರೂ ಕೇಳಿಕೊಂಡು ಬರಬಹುದು ಎಂಬುದು ಇಷ್ಟು ವರ್ಷ ಅತ್ತೆಗೆ ಹೊಳೆದಿರಲೇ ಇಲ್ಲ. ಅವರು ತಡವರಿಸುತ್ತಾರೆ. ಗಂಡನ ಕಡೆ ನೋಡುತ್ತಾರೆ. ಗಂಡ ಕೈ ಅಲ್ಲಾಡಿಸುತ್ತಾರೆ, ನನ್ನನ್ನು ಕೇಳಬೇಡ ಎಂಬಂತೆ. ಕೊನೆಗೆ ಅತ್ತೆ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ.

"ಒಂದು ಕೆಲಸ ಮಾಡೇ. ಪರದೆ ಹಿಡ್ಕೋತೀನಿ ಅಂತ ಹೋಗು. ಹೋಗಿ ಅವರ ಮನೇಲೇ ಕೂತ್ಕೊ."

"ಕೂತ್ಕೋಬಹುದಾ?"

"ಕೂತ್ಕೋಬಹುದು."

ಅತ್ತ ಕಡೆ ಬಾಗಿಲು ತೆರೆದ ಸದ್ದು, ಚಪ್ಪಲಿಯ ಸದ್ದು. ಫೋನ್ ನಿಲ್ಲುತ್ತದೆ. ಹೇಳಿದ್ದು ಸರಿಯೋ ತಪ್ಪೋ ಎಂದು ಅತ್ತೆ ಆಮೇಲೆ ಗಂಡನನ್ನು ನಾಲ್ಕು ಸಲ ಕೇಳುತ್ತಾರೆ. ಎಣ್ಣೆಗೈಯಲ್ಲೇ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಾರೆ. ಊಟದ ಹೊತ್ತಾಗುತ್ತದೆ. ಮತ್ತೆ ಫೋನ್ ಬರುವುದಿಲ್ಲ.

"ಬಂದಿಲ್ಲ ಅಂದ್ರೆ" ಎನ್ನುತ್ತಾರೆ ಅತ್ತೆ, ಯಾರಿಗೆಂದಿಲ್ಲದೆ, "ಕೂತಿದಾಳೆ ಅಂತ ಅರ್ಥ, ಅಲ್ವಾ?"